ನಾಳೆಯ ಭಯಕ್ಕೆ ಲಕ್ಕಮ್ಮನ ಉತ್ತರ

ಮಳೆ ಕೈಕೊಟ್ಟಾಗ, ಬೆಳೆದ ಬೆಳೆಗೆ ಬೆಲೆ ಸಿಗದಾಗ, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗ ಎಂಥ ಧೈರ್ಯವಂತನ ಎದೆಯೂ ಕುಗ್ಗುತ್ತದೆ. ಶಿವನು ನಮ್ಮನ್ನು ಮರೆತನೇ ಎಂಬ ಸಂಶಯ ಮೂಡುತ್ತದೆ. ಅದು ಭಕ್ತಿಯ ಕೊರತೆಯಲ್ಲ, ಮನುಷ್ಯ ಸ್ವಭಾವ. ಆದರೆ ಆ ಸಂಶಯದಲ್ಲಿಯೇ ನಾವು ಕುಳಿತುಬಿಡಬಾರದು.

12ನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರನ್ನು ನೆನೆಯೋಣ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಒಯ್ಯಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಮರಳಿಸುವಂತೆ ಹೇಳಿದಳು ಎಂದು ಶರಣರ ಚರಿತೆ ತಿಳಿಸುತ್ತದೆ.

ಆ ತಾಯಿಯ ಮನೆಯಲ್ಲಿ ಕಣಜವಿರಲಿಲ್ಲ, ಹೊಲವಿರಲಿಲ್ಲ. ಆದರೂ ಆಕೆಗೆ ನಾಳೆಯ ಅಂಜಿಕೆ ಇರಲಿಲ್ಲ. ಇಂದು ಕೊಟ್ಟವನು ನಾಳೆಯೂ ಕೊಡುವನೆಂಬ ನಂಬಿಕೆಯೊಂದು, ನಾಳೆಯೂ ಕಾಯಕ ಮಾಡುವೆವೆಂಬ ನಿಶ್ಚಯ ಮತ್ತೊಂದು. ಈ ಎರಡೂ ಕೂಡಿದಲ್ಲಿ ಭಯಕ್ಕೆ ಎಡೆಯಿಲ್ಲ. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ ಕಾಯಕವನ್ನು ನೆನಪಿಸಿದವಳೂ ಅವಳೇ.

ಹಾಗಾದರೆ ಬಿತ್ತನೆಯ ಬೀಜ ಕಾಯ್ದಿಡುವುದು ತಪ್ಪೇ? ಹಗೇವಿನಲ್ಲಿ ಜೋಳ ತುಂಬಿಡುವುದು ಆಸೆಯೇ? ಖಂಡಿತ ಅಲ್ಲ. ಅದು ಒಕ್ಕಲಿನ ಕಾಯಕದ ಭಾಗ. ಆದರೆ ಭಯದಿಂದ ಮುಷ್ಟಿ ಬಿಗಿದು, ಪಕ್ಕದ ಮನೆಯ ಒಲೆ ಉರಿಯದಿದ್ದರೂ ಕಾಣದಂತಿರುವುದು ತಪ್ಪು. ಶಿವನು ಆಕಾಶದಿಂದ ರೊಟ್ಟಿ ಇಳಿಸುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕೊಡಿಸುತ್ತಾನೆ. ದಾಸೋಹವೆಂದರೆ ಇದೇ.

ತುಮಕೂರಿನ ಸಿದ್ಧಗಂಗಾ ಮಠ ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. 1941ರಲ್ಲಿ ಮಠದ ಹೊಣೆ ಹೊತ್ತ ಡಾ. ಶಿವಕುಮಾರ ಮಹಾಸ್ವಾಮಿಗಳು ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿ ತಿರುಗಿದರು. ರೈತರು ಕೊಟ್ಟ ರಾಗಿ, ಭತ್ತ, ಕಾಳುಗಳೇ ಅಲ್ಲಿನ ಒಲೆಯನ್ನು ಉರಿಸಿದವು. ಕೊಟ್ಟವರೂ ಸಿರಿವಂತರೇನಲ್ಲ. ಪೂಜ್ಯರು 2019ರಲ್ಲಿ, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಣ್ಣುವ ಆ ಪಂಕ್ತಿ ಮಾತ್ರ ನಿಂತಿಲ್ಲ.

ಆದುದರಿಂದ ಕಷ್ಟದಲ್ಲಿರುವ ಭಕ್ತರು ನೋವನ್ನು ಒಳಗೇ ನುಂಗಿಕೊಳ್ಳಬಾರದು. ಸಾಲದ ಭಾರಕ್ಕೆ ಹೆದರಿ ಪ್ರಾಣಕ್ಕೆ ಎರವಾಗುವುದು ಬೇಡವೇ ಬೇಡ. ಮನೆಯವರೊಡನೆ, ಹಿರಿಯರೊಡನೆ, ಮಠದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಕೇಳುವುದು ಅವಮಾನವಲ್ಲ. ಊರಿನ ಹಿರಿಯರಿಗೂ ಒಂದು ಮಾತು: ದಿನವೂ ಕಟ್ಟೆಗೆ ಬರುತ್ತಿದ್ದವನು ನಾಲ್ಕು ದಿನ ಕಾಣದಿದ್ದರೆ, ಅವನು ಬರಲೆಂದು ಕಾಯದೆ ನೀವೇ ಅವನ ಮನೆಗೆ ಹೋಗಿ. ನಿಮ್ಮ ಒಂದು ಮಾತೇ ಅಂದು ಅವನಿಗೆ ಶಿವನ ಕಾರುಣ್ಯವಾದೀತು.

ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸುವವರು ನಾವು. ಬಲಗೈ ಕಾಯಕಕ್ಕೂ ದಾಸೋಹಕ್ಕೂ ಮೀಸಲಾಗಿರಲಿ. ಹಾಗೆ ಬಾಳಿದಲ್ಲಿ ಬರಗಾಲವೂ ನಮ್ಮನ್ನು ದಾಟಿ ಹೋಗುತ್ತದೆ.