ಕರಕಿ ಹೋಗಬೇಕಾದರೆ ಬೇರು ಒಣಗಬೇಕು

ಹುಬ್ಬಳ್ಳಿಯ ಬೆಂಗೇರಿ ಇಂದು ಪೇಟೆಯಾಗಿದ್ದರೂ ಸುತ್ತಲಿನ ಎರೆಹೊಲಗಳಲ್ಲಿ ಕರಕಿಯ ಕಾಟ ತಪ್ಪಿಲ್ಲ. ಕರಾವಳಿಯಲ್ಲಿ ನಾವು ಗರಿಕೆ ಎನ್ನುವ ಹುಲ್ಲೇ ಇದು. ದನಕ್ಕೆ ಒಳ್ಳೆಯ ಮೇವು. ಆದರೆ ಹತ್ತಿ, ಹೆಸರಿನ ಸಾಲಿಗೆ ಹೊಕ್ಕರೆ ನೀರು, ಗೊಬ್ಬರ ಕಸಿದು ಸಣ್ಣ ರೈತನ ದುಡ್ಡನ್ನೆಲ್ಲ ಕಳೆ ಕೂಲಿಗೇ ಕಳೆಯುತ್ತದೆ.

ಇದರ ಬಲ ಗೆಣ್ಣಿನಲ್ಲಿದೆ. ತುಂಡಾದ ಪ್ರತಿ ಗೆಣ್ಣೂ ಚಿಗುರಬಲ್ಲದು. ಆದ್ದರಿಂದ ಹಸಿ ನೆಲದಲ್ಲಿ ರೋಟವೇಟರ್ ಹೊಡೆದರೆ ಕರಕಿ ಹೊಲವೆಲ್ಲ ಹರಡುತ್ತದೆ. ಬೇಸಿಗೆಯಲ್ಲಿ ಆಳವಾಗಿ ಉತ್ತು, ಹೆಂಟೆಗಳನ್ನು ಬಿಸಿಲಿಗೆ ಬಿಡಬೇಕು. ಬಳಿಕ ಕುಂಟೆ ಹೊಡೆದು ಬೇರು ಆಯ್ದು ಸುಡಬೇಕು, ತಿಪ್ಪೆಗೆ ಹಾಕಬಾರದು.

ಗ್ಲೈಫೋಸೇಟ್ ನಿಂತ ಬೆಳೆಯನ್ನೂ ಒಣಗಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆ ನಿರ್ಬಂಧಿಸಿ ಆದೇಶ ಹೊರಡಿಸಿತು. ಸಿಂಪಡಿಸುವ ಮುನ್ನ ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ವಿಚಾರಿಸಿರಿ. ಬದುವಿನ ಕರಕಿಯನ್ನು ಮಾತ್ರ ಉಳಿಸೋಣ. ಅದು ಮಣ್ಣು ಹಿಡಿದಿಡುತ್ತದೆ.