ವೋಲ್ಟ್, ಆಂಪೇರ್, ಓಮ್: ಎರಡು ಅಳತೆಗಳಿಂದ ತಿಳಿಯುವ ಸಂಗತಿಗಳು

ಬಕೆಟ್ಟಿನ ನೀರಿಗೆ ಇಳಿಬಿಟ್ಟು ಕಾಯಿಸುವ ವಿದ್ಯುತ್ ಹೀಟರಿನ ಮೇಲೆ '230 ವೋಲ್ಟ್, 1000 ವ್ಯಾಟ್' ಎಂದು ಅಚ್ಚಾಗಿರುವುದನ್ನು ನಾವೆಲ್ಲರೂ ನೋಡಿರುತ್ತೇವೆ. ಈ ಎರಡು ಸಂಖ್ಯೆಗಳ ಅರ್ಥವನ್ನು ಗ್ರಹಿಸಿದವರು, ಹೀಟರನ್ನು ಬಿಚ್ಚದೆಯೇ ಅದರೊಳಗಿನ ತಂತಿಯ ರೋಧವೆಷ್ಟು, ಅದರಲ್ಲಿ ಹರಿಯುವ ಪ್ರವಾಹವೆಷ್ಟು ಎಂಬುದನ್ನು ಹೇಳಬಲ್ಲರು. ಇದಕ್ಕೆ ಬೇಕಾದುದು ಗುಣಾಕಾರ ಭಾಗಾಕಾರಗಳು ಮಾತ್ರ.

ನೀರು ಹರಿಯಬೇಕಾದರೆ ಮಟ್ಟದಲ್ಲಿ ವ್ಯತ್ಯಾಸವಿರಬೇಕು. ಹಾಗೆಯೇ ತಂತಿಯಲ್ಲಿ ವಿದ್ಯುತ್ತು ಹರಿಯಬೇಕಾದರೆ ಅದರ ಎರಡು ತುದಿಗಳ ನಡುವೆ ವಿಭವಾಂತರವಿರಬೇಕು. ಇದನ್ನು ವೋಲ್ಟುಗಳಲ್ಲಿ ಅಳೆಯುತ್ತೇವೆ. ಪ್ರವಾಹದ ಮಾನ ಆಂಪೇರ್. ಪ್ರವಾಹಕ್ಕೆ ತಂತಿಯು ಒಡ್ಡುವ ಅಡ್ಡಿಯೇ ರೋಧ. ಅದರ ಮಾನ ಓಮ್.

ಈ ಮೂರರ ಸಂಬಂಧವನ್ನು ಪ್ರಯೋಗದಿಂದ ಕಂಡುಕೊಂಡವನು ಜರ್ಮನಿಯ ಜಾರ್ಜ್ ಸೈಮನ್ ಓಮ್. ಬೀಗ ಮಾಡುವವನೊಬ್ಬನ ಮಗನಾದ ಈತ ಕಲೋನ್ ನಗರದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಅಂದಿನ ವಿದ್ಯುತ್ಕೋಶಗಳ ಬಲ ಒಂದೇ ಸಮನಾಗಿರುತ್ತಿರಲಿಲ್ಲ. ಆದುದರಿಂದ ಆತನು ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಹಿಮದಲ್ಲಿಯೂ ಇಟ್ಟು, ಸ್ಥಿರವಾದ ವಿದ್ಯುತ್ತನ್ನು ಪಡೆದನು. ಆತನ ಗ್ರಂಥ 1827ರಲ್ಲಿ ಪ್ರಕಟವಾಯಿತು. ಲಂಡನ್ನಿನ ರಾಯಲ್ ಸೊಸೈಟಿಯು 1841ರಲ್ಲಿ ಕಾಪ್ಲೆ ಪದಕವನ್ನಿತ್ತು ಆತನನ್ನು ಗೌರವಿಸಿತು.

ಓಮನ ನಿಯಮ ಇಷ್ಟೆ: ಉಷ್ಣತೆಯು ಬದಲಾಗದಿದ್ದರೆ, ಲೋಹದ ತಂತಿಯಲ್ಲಿನ ಪ್ರವಾಹವು ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್, ದೊರೆಯುತ್ತದೆ. ನಮ್ಮ ಹೀಟರಿನ 1000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸೋಣ: ಪ್ರವಾಹ ಸುಮಾರು 4.35 ಆಂಪೇರ್. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್.

ಇನ್ನು, ಸಂಜೆಯ ವೇಳೆ ವೋಲ್ಟೇಜು 180ಕ್ಕೆ ಇಳಿಯಿತೆಂದು ಭಾವಿಸೋಣ. ಹೀಟರಿನ ತಂತಿ ಅದೇ. ಅದರ ರೋಧವೂ ಹೆಚ್ಚುಕಡಿಮೆ ಅದೇ. ಪ್ರವಾಹ 3.4 ಆಂಪೇರಿಗೆ ಇಳಿಯುತ್ತದೆ. ಸಾಮರ್ಥ್ಯ 612 ವ್ಯಾಟಿಗೆ ಕುಸಿಯುತ್ತದೆ. ವೋಲ್ಟೇಜು ಕಡಿಮೆಯಾದುದು ಶೇಕಡ 22ರಷ್ಟು, ಸಾಮರ್ಥ್ಯ ಕಡಿಮೆಯಾದುದು ಶೇಕಡ 39ರಷ್ಟು! ವೋಲ್ಟೇಜು ತಗ್ಗಿದಾಗ ಪ್ರವಾಹವೂ ತಗ್ಗುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಕಾಯುತ್ತಿದ್ದ ನೀರಿಗೆ 49 ನಿಮಿಷ ಬೇಕಾಗುತ್ತದೆ. ಇದರಿಂದ ಖರ್ಚು ಉಳಿಯಿತೆಂದು ಸಂತೋಷಪಡುವಂತಿಲ್ಲ. ಹೆಚ್ಚು ಹೊತ್ತು ಉರಿದುದರಿಂದ ಯೂನಿಟ್ಟುಗಳ ಲೆಕ್ಕ ಮೊದಲಿನಷ್ಟೇ ಆಗುತ್ತದೆ.

'ಉಷ್ಣತೆಯು ಬದಲಾಗದಿದ್ದರೆ' ಎಂಬ ಮಾತನ್ನು ಮರೆಯಬಾರದು. 60 ವ್ಯಾಟಿನ ತಂತುದೀಪದ ರೋಧ, ಲೆಕ್ಕದ ಪ್ರಕಾರ, ಸುಮಾರು 880 ಓಮ್. ಆದರೆ ಆರಿ ತಣ್ಣಗಾದ ದೀಪವನ್ನು ಓಮ್‌ಮೀಟರಿನಿಂದ ಅಳೆದರೆ ಇದರ ಹತ್ತರಲ್ಲೊಂದು ಪಾಲೂ ಕಾಣಿಸುವುದಿಲ್ಲ. ಎರಡು ಉತ್ತರಗಳೂ ನಿಜವೇ. ಟಂಗ್‌ಸ್ಟನ್ ತಂತು ಬಿಳಿಗಾವಿಗೆ ಬಂದಾಗ ಅದರ ರೋಧ ಹಲವು ಮಡಿ ಏರುತ್ತದೆ. ಸ್ವಿಚ್ಚು ಒತ್ತಿದ ಕ್ಷಣದಲ್ಲಿ ತಂತು ತಣ್ಣಗಿದ್ದು, ಪ್ರವಾಹ ಬಹಳ ಹೆಚ್ಚಾಗಿರುತ್ತದೆ. ಹಳೆಯ ದೀಪಗಳು ಸಾಮಾನ್ಯವಾಗಿ ಹೊತ್ತಿಸುವಾಗಲೇ ಸುಟ್ಟುಹೋಗುವುದಕ್ಕೆ ಇದು ಮುಖ್ಯ ಕಾರಣ.

ಪ್ರವಾಹವನ್ನು ಒಯ್ಯುವ ತಂತಿಗೂ ರೋಧವಿದೆ. ಅಲ್ಲಿಯೂ ಶಾಖ ಹುಟ್ಟುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಆ ನಷ್ಟದ ಪ್ರಮಾಣ ತಿಳಿಯುತ್ತದೆ. 100 ಕಿಲೋವ್ಯಾಟ್ ಸಾಮರ್ಥ್ಯವನ್ನು 1 ಓಮ್ ರೋಧದ ತಂತಿಯಲ್ಲಿ ಸಾಗಿಸಬೇಕೆನ್ನೋಣ. 1000 ವೋಲ್ಟಿನಲ್ಲಿ ಪ್ರವಾಹ 100 ಆಂಪೇರ್, ನಷ್ಟ 10 ಕಿಲೋವ್ಯಾಟ್. 10,000 ವೋಲ್ಟಿನಲ್ಲಾದರೆ ಪ್ರವಾಹ 10 ಆಂಪೇರ್, ನಷ್ಟ 100 ವ್ಯಾಟ್ ಮಾತ್ರ. ವೋಲ್ಟೇಜು ಹತ್ತು ಮಡಿಯಾದರೆ ನಷ್ಟ ನೂರರಲ್ಲೊಂದು ಪಾಲಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹತ್ತಾರು ಸಾವಿರ ವೋಲ್ಟಿನಲ್ಲಿ ಸಾಗಿಸಿದುದರ ಹಿಂದೆ ಇದ್ದುದು ಈ ಲೆಕ್ಕವೇ.

ಇದೇ ಲೆಕ್ಕ ಮನೆಯೊಳಗಿನ ಒಂದು ಅಪಾಯವನ್ನೂ ತೋರಿಸಿಕೊಡುತ್ತದೆ. 2000 ವ್ಯಾಟಿನ ಗೀಸರಿನ ರೋಧ ಸುಮಾರು 26.5 ಓಮ್. ಅದರ ಪ್ಲಗ್ಗು ಸಡಿಲವಾಗಿ, ಸಂಪರ್ಕಸ್ಥಾನದಲ್ಲಿ ಕೇವಲ ಅರ್ಧ ಓಮಿನಷ್ಟು ರೋಧ ಸೇರಿಕೊಂಡರೆ, ಪ್ರವಾಹ 8.7ರಿಂದ 8.5 ಆಂಪೇರಿಗೆ ಇಳಿಯುತ್ತದೆ. ನೀರು ಎಂದಿನಂತೆಯೇ ಕಾಯುತ್ತದೆ. ಆದರೆ 8.5ರ ವರ್ಗವನ್ನು ಅರ್ಧದಿಂದ ಗುಣಿಸಿ ನೋಡಿ: ಉಗುರಿನಷ್ಟು ಜಾಗದಲ್ಲಿ 36 ವ್ಯಾಟ್ ಶಾಖ! ಬೆಸುಗೆ ಹಾಕುವ ಸಾಧಾರಣ ಸಲಾಕೆಯ ಶಾಖ ಇಷ್ಟೇ ಇರುತ್ತದೆ. ಪ್ಲಗ್ಗು ಕರಗಿ ಬೆಂಕಿ ಹತ್ತಲು ಇದು ಸಾಕು. ಫ್ಯೂಸು ಕರಗುವುದು ಪ್ರವಾಹ ಮಿತಿಮೀರಿದಾಗ. ಇಲ್ಲಿ ಪ್ರವಾಹ ಕಡಿಮೆಯೇ ಆಗಿರುವುದರಿಂದ ಅದು ನಮ್ಮನ್ನು ಕಾಪಾಡಲಾರದು.

ಈ ಸರಳ ಗುಣಾಕಾರ ಹೀಟರು, ತಂತುದೀಪ, ಇಸ್ತ್ರಿ ಪೆಟ್ಟಿಗೆಗಳಿಗೆ ಸರಿಹೊಂದುತ್ತದೆ. ಪಂಪುಸೆಟ್ಟಿನ ಮೋಟಾರಿನಲ್ಲಿ ವೋಲ್ಟೇಜು ಮತ್ತು ಪ್ರವಾಹ ಒಟ್ಟಿಗೆ ಏರಿ ಇಳಿಯುವುದಿಲ್ಲ. ಆದ್ದರಿಂದ ಅವುಗಳ ಗುಣಲಬ್ಧಕ್ಕಿಂತ ನಿಜವಾದ ಸಾಮರ್ಥ್ಯ ಕಡಿಮೆಯಿರುತ್ತದೆ. ಮನೆಯ ಉಪಕರಣಗಳ ಮೇಲಿನ ಸಂಖ್ಯೆಗಳನ್ನು ಓದಿ, ವಾಚಕರು ತಾವೇ ಈ ಲೆಕ್ಕಗಳನ್ನು ಮಾಡಿನೋಡಬಹುದು. ಆದರೆ ಸಾಕೆಟ್ಟಿನ ಒಳಭಾಗವನ್ನು ತಾವಾಗಿ ಅಳೆಯಲು ಹೋಗಬಾರದು. ಸ್ವಿಚ್ಚನ್ನು ಆರಿಸಿದ ಮೇಲೆ ಪ್ಲಗ್ಗಿನ ಹೊರಮೈ ಬಿಸಿಯಾಗಿರುವುದು ಕಂಡುಬಂದರೆ, ಅಲ್ಲಿ ಇರಬಾರದ ರೋಧವೊಂದು ಸೇರಿಕೊಂಡಿರಬಹುದೆಂದು ಶಂಕಿಸಿ, ಬಲ್ಲವರಿಂದ ಅದನ್ನು ಸರಿಪಡಿಸಿಕೊಳ್ಳುವುದು ಉಚಿತ.