ಕಲಬುರಗಿಗಿಲ್ಲದ ಮಂಗಳನ ಟಿಕೆಟ್ ಕಮಲಾಪುರಕ್ಕಿದೆ

ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಬರುವವರು ನೆರಳು ಹಿಡಿದು ನಡೆಯುತ್ತಾರೆ. ಬಳೆ ಅಂಗಡಿಯ ತಗಡಿನ ಕೆಳಗೆ ನಾಲ್ಕು ಹೆಜ್ಜೆ, ಬಟ್ಟೆ ಅಂಗಡಿಯ ಪರದೆಯ ಕೆಳಗೆ ಮತ್ತೆ ನಾಲ್ಕು. ಸಿಟಿ ಬಸ್ಸುಗಳ ಹಾರ್ನು, ಆಟೋದವರ ಕೂಗು, ಕಲ್ಲಂಗಡಿ ಬಂಡಿ, ಲಿಂಬು ಶರಬತ್ತು, ಪೇರಿಸಿಟ್ಟ ಕಟಕ್ ರೊಟ್ಟಿ, ತೊಗರಿ ಬೇಳೆಯ ಮೂಟೆ. ಎ.ಸಿ. ಹಾಕಿದ ದೊಡ್ಡ ಅಂಗಡಿಯೊಂದನ್ನು ಹುಡುಕಿಕೊಂಡು ಬಂದ ಪರವೂರಿನವರಿಗೆ ಸಿಗುವುದು ಒಂದು ಇಡೀ ಪೇಟೆ. ನಾನು ಬಂದದ್ದು ಮಾತ್ರ ಕಲ್ಲು ನೋಡಲಿಕ್ಕೆ.

ಮೊದಲ ಕಲ್ಲು ಕಾಲಡಿಯಲ್ಲೇ ಇದೆ. ಹಳೆಯ ಅಂಗಡಿಗಳ ಕಟ್ಟೆಗೆ, ಒಳಗಿನ ನೆಲಕ್ಕೆ ಹಾಸಿರುವ ಬೂದುಬಣ್ಣದ ಫರಸಿ. ಶಹಾಬಾದಿನ ಗಣಿಗಳಿಂದ ಬಂದ ಸುಣ್ಣಕಲ್ಲು ಅದು. ಜೀವಿಗಳಿಗೆ ಚಿಪ್ಪು ಬೆಳೆಯುವ ಮೊದಲಿನ ಕಾಲದ ಒಂದು ಸಮುದ್ರದ ತಳದ ಕೆಸರು. ಪದರ ಪದರವಾಗಿ ಕೂತ ಕಾರಣಕ್ಕೇ ಅದು ಇಷ್ಟು ಸಲೀಸಾಗಿ ಹಲಗೆ ಹಲಗೆಯಾಗಿ ಏಳುತ್ತದೆ. ಎರಡನೆಯದು ಪೇಟೆಯ ಮಗ್ಗುಲಲ್ಲಿರುವ ಬಹಮನಿ ಕೋಟೆಯ ಗೋಡೆಯ ಕಪ್ಪು ಕಲ್ಲು, ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಹೆಪ್ಪುಗಟ್ಟಿ ದಖನ್ ಪ್ರಸ್ಥಭೂಮಿಯ ದೊಡ್ಡ ಭಾಗವನ್ನು ಮುಚ್ಚಿತು. ಅದರ ದಕ್ಷಿಣದ ಅಂಚು ನಮ್ಮ ಜಿಲ್ಲೆಯಲ್ಲೇ ಹಾದುಹೋಗುತ್ತದೆ, ಅಲ್ಲಿಂದಾಚೆ ಸುಣ್ಣಕಲ್ಲು. ಈ ಎರಡೂ ಒಂದೇ ಪೇಟೆಯಲ್ಲಿ ಕೈಗೆ ಸಿಗುವ ಊರುಗಳು ಹೆಚ್ಚಿಲ್ಲ.

ಕಪ್ಪು ಕಲ್ಲನ್ನು ಕೋಟೆಯ ಕಲ್ಲೆಂದಷ್ಟೇ ನೋಡಿದರೆ ಅರ್ಧ ನೋಡಿದಂತೆ. ಹುಣ್ಣಿಮೆಯ ಚಂದ್ರನಲ್ಲಿ ನಾವು ಮಕ್ಕಳಿಗೆ ತೋರಿಸುವ ಮೊಲ ಇದೇ ಜಾತಿಯ ಕಲ್ಲು, ಅಲ್ಲಿನ ದೊಡ್ಡ ತಗ್ಗುಗಳಲ್ಲಿ ತುಂಬಿ ಆರಿದ ಬಸಾಲ್ಟ್ ಲಾವಾ. ಮಂಗಳನ ಹೊರಪದರದ ಬಹುಪಾಲೂ ಇದೇ. ಆದ್ದರಿಂದಲೇ ದಖನ್ನಿನ ಲಾವಾದ ಮೇಲೆ ಉಲ್ಕೆ ಬಿದ್ದು ಉಂಟಾದ ಲೋನಾರ್ ಕುಳಿಗೆ ಇಷ್ಟು ಬೆಲೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿರುವ, ಸುಮಾರು 1.8 ಕಿ.ಮೀ. ಅಗಲದ ಆ ಕುಳಿಗೆ ಚಂದ್ರ, ಮಂಗಳ ಓದುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಬಸಾಲ್ಟ್‌ನಲ್ಲಿ ಬಿದ್ದ ಕುಳಿ ಭೂಮಿಯ ಮೇಲೆ ಬಲು ಅಪರೂಪ.

ಜೆರಾಕ್ಸ್ ಅಂಗಡಿಯ ಮುಂದೆ ನೆಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ತೆಗೆಸುತ್ತಿದ್ದ ಹುಡುಗಿಯೊಬ್ಬಳು ಮಾತಿಗೆ ಸಿಕ್ಕಳು. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುತ್ತಾಳೆ, ಊರು ಕಮಲಾಪುರದ ಹತ್ತಿರ. ಕೋಟೆ ಗೋಡೆ ಸವರುತ್ತಿದ್ದ ನನ್ನನ್ನು ಆಗಲೇ ನೋಡಿದ್ದಳಂತೆ. "ಸರ್, ಕಲ್ಲು ನೋಡೋದಿದ್ರ ಇಲ್ಲಿ ಯಾಕ ನಿಂತೀರಿ, ನಮ್ಮ ಊರ ಕಡಿ ಬರ್ರಿ" ಎಂದಳು. ಹೋದೆ.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಗಾಳಿ ಸಿಗಲಿಲ್ಲ. ಸೆಖೆಯ ಮಾತು ಚಂದ್ರನತ್ತ ತಿರುಗಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದ ಜಾಗದ ನೆಲಕ್ಕೆ ಚಾಸ್ಟೆ ಎಂಬ ಸಲಾಕೆ ಚುಚ್ಚಿ ಶಾಖ ಅಳೆದರಲ್ಲ, ಮೇಲ್ಮೈಯಲ್ಲಿ 82 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಿತ್ತು. ಅಲ್ಲಿಂದ ಸುಮಾರು ಒಂದು ಮೀಟರ್ ಆಚೆಯ ಸಮತಟ್ಟು ನೆಲದಲ್ಲಿ 59ರ ಆಸುಪಾಸು. ವ್ಯತ್ಯಾಸಕ್ಕೆ ಕಾರಣ, ಸಲಾಕೆ ನೆಟ್ಟ ನೆಲ ಸೂರ್ಯನ ಕಡೆಗೆ ಬರೀ 6 ಡಿಗ್ರಿಯಷ್ಟು ವಾಲಿದ್ದು. ಧ್ರುವದ ಕಡೆ ಬಿಸಿಲು ಓರೆಯಾಗಿ ಬೀಳುವುದರಿಂದ ಸಣ್ಣ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ಬಿಸಿಲಿಗೆ ಬೆನ್ನು ಮಾಡಿದ ಇಳಿಜಾರಿನಲ್ಲಿ ಸ್ವಲ್ಪ ಆಳಕ್ಕೇ ನೀರ್ಗಲ್ಲು ಉಳಿದಿರಬಹುದು ಎಂಬುದು ಈ ಅಳತೆಗಳ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನದ ತೀರ್ಮಾನ. ಬಸ್ಸಿನ ಯಾವ ಬದಿಗೆ ಕೂರಬೇಕೆಂದು ಹತ್ತುವ ಮೊದಲೇ ಲೆಕ್ಕ ಹಾಕುವ ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಹಾಗಾಂವ ಕ್ರಾಸ್ ದಾಟುವವರೆಗೂ ಎರೆ ಹೊಲ. ತೊಗರಿ ಕೊಯ್ದು ಬಿಟ್ಟ ನೆಲ ಬಿರಿದು ಬಾಯಿ ತೆರೆದಿತ್ತು. ಹುಮನಾಬಾದ್ ದಿಕ್ಕಿಗೆ ಸಾಗಿದಂತೆ ದಿಬ್ಬಗಳು ಏಳುತ್ತವೆ. ರಸ್ತೆಗಾಗಿ ಕಡಿದ ಒಂದೆಡೆ ಬಸಾಲ್ಟ್ ಗುಂಡುಗಳು ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಬಿಡುತ್ತಿದ್ದವು. ಅದಾದ ಮೇಲೆ ನೆಲ ಮೆಲ್ಲಗೆ ಕೆಂಪಾಯಿತು.

ಕಮಲಾಪುರ ಈಗ ತಾಲೂಕು ಕೇಂದ್ರ. ಪರವೂರಿನವರು ಇಲ್ಲಿ ಇಳಿಯುವುದು ಹೆಚ್ಚಾಗಿ ಕೆಂಪು ಬಾಳೆಹಣ್ಣಿಗೆ. ಭೌಗೋಳಿಕ ಸೂಚಿ ಪಡೆದ ಹಣ್ಣು, ಗಿಡ ನೆಟ್ಟು ಗೊನೆ ಕೊಯ್ಯಲು ಒಂದೂವರೆ ವರ್ಷದಷ್ಟು ಕಾಯಬೇಕು, ಬೆಲೆಯೂ ಹಾಗೇ. ಮಣ್ಣಿನ ಕೆಂಪೇ ಸಿಪ್ಪೆಗೆ ಬಂತು ಎಂದು ಹೇಳುವವರಿದ್ದಾರೆ. ಹಾಗಲ್ಲ, ಸಿಪ್ಪೆಯ ಬಣ್ಣ ಆ ತಳಿಯ ಗುಣ, ಮಣ್ಣಿನ ಬಣ್ಣ ಕಬ್ಬಿಣದ್ದು.

ಮಣ್ಣಿನ ಈ ಕೆಂಪು ನೋಡಲಿಕ್ಕೇ ಹುಡುಗಿ ನನ್ನನ್ನು ಕರೆತಂದದ್ದು. ಬಸಾಲ್ಟ್ ಮೇಲೆ ಲಕ್ಷಗಟ್ಟಲೆ ವರ್ಷ ಮಳೆ ಸುರಿದರೆ ನೀರು ಅದರೊಳಗಿನ ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಹೀಗೆ ಹುಟ್ಟುವ ಕಲ್ಲೇ ಜಂಬಿಟ್ಟಿಗೆ. ಇಲ್ಲಿಂದ ಮುಂದೆ ಬೀದರ್‌ವರೆಗಿನ ಎತ್ತರದ ನೆಲಕ್ಕೆ ಅದರದ್ದೇ ಹೊದಿಕೆ. ಬೀದರ್ ಕೋಟೆಯ ಕಂದಕ ಕಡಿದದ್ದು ಅದರಲ್ಲಿ. ಅಲ್ಲಿನ ಸುರಂಗ ಬಾವಿಗೆ ನೀರು ಸಿಕ್ಕಿದ್ದು ಮೇಲಿನ ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆ ಕೆಳಗಿನ ಗಟ್ಟಿ ಬಸಾಲ್ಟ್‌ಗೆ ತಡೆದು ನಿಂತದ್ದರಿಂದ.

ಈಗ ಮಂಗಳನಿಗೆ ಬನ್ನಿ. ಅಲ್ಲಿನ ಕೆಂಪು ಧೂಳೂ ಕಬ್ಬಿಣದ್ದೇ. ಅದು ಹೆಮಟೈಟ್ ಎಂದು ಬಹುಕಾಲ ಅಂದುಕೊಂಡಿದ್ದರು. ಅಲ್ಲ, ನೀರಿನ ಅಂಶವಿರುವ ಫೆರಿಹೈಡ್ರೈಟ್ ಎಂದು ವಾದಿಸುವ ಸಂಶೋಧನೆ 2025ರಲ್ಲಿ ಬಂತು. ಅದಕ್ಕಿಂತ ನನಗೆ ರುಚಿಸಿದ್ದು ಇನ್ನೊಂದು ಸುದ್ದಿ. 2021ರಲ್ಲಿ ಜೆಜೆರೋ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್, ಕೇಯೊಲಿನೈಟ್ ಎಂಬ ಅಲ್ಯೂಮಿನಿಯಂ ಜೇಡಿ ತುಂಬಿದ ತಿಳಿಬಣ್ಣದ ಕಲ್ಲುಚೂರುಗಳನ್ನು ದಾರಿಯಲ್ಲಿ ಕಂಡಿದೆ. ಭೂಮಿಯಲ್ಲಾದರೆ ಅಂಥ ಜೇಡಿ ಸಾಮಾನ್ಯವಾಗಿ ಬೆಚ್ಚಗಿನ, ಮಳೆ ಹೆಚ್ಚಿರುವ ಸೀಮೆಯಲ್ಲಿ, ಕಲ್ಲು ತೊಳೆದು ತೊಳೆದು ಉಂಟಾಗುವಂಥದ್ದು. ಮಂಗಳನಲ್ಲಿ ಒಂದು ಕಾಲಕ್ಕೆ ಧಾರಾಕಾರ ಮಳೆ ಬಂದಿತ್ತೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು, ಮಳೆ ಬಸಾಲ್ಟನ್ನು ಏನು ಮಾಡುತ್ತದೆಂದು ಮೊದಲು ತಿಳಿದಿರಬೇಕು. ಅದು ಕಮಲಾಪುರದಿಂದ ಬೀದರ್‌ವರೆಗೆ ರಸ್ತೆ ಬದಿಯಲ್ಲೇ ಬರೆದಿಟ್ಟಿದೆ. ಕಛ್‌ನ ಮಾತಾನೋಮಢದಲ್ಲಿ ಬಸಾಲ್ಟ್ ಜೊತೆ ಸಿಗುವ ಜಾರೋಸೈಟ್ ಖನಿಜವನ್ನು ಮಂಗಳನದಕ್ಕೆ ಹೋಲಿಸಿ ಭಾರತದ ಸಂಶೋಧಕರು ಹೆಸರು ಮಾಡಿದ್ದಾರೆ. ನಮ್ಮ ಜಂಬಿಟ್ಟಿಗೆಯ ಮೇಲೂ ಅಂಥ ಕಣ್ಣು ಬೀಳಬೇಕು.

ಹಣ್ಣಿನ ಬಂಡಿಯ ಪಕ್ಕದ ಬೇವಿನ ನೆರಳಿನಲ್ಲಿ ಹುಡುಗಿ ಮೊಬೈಲ್ ತೆರೆದಳು. ಚಂದ್ರಯಾನದ ದತ್ತಾಂಶವನ್ನು ಇಸ್ರೋ ತನ್ನ 'ಪ್ರದಾನ್' ತಾಣದಲ್ಲಿ ಉಚಿತವಾಗಿ ಇಟ್ಟಿದೆ, ಹೆಸರು ನೋಂದಾಯಿಸಿದರೆ ಸಾಕು. ಮಂಗಳನ ಚಿತ್ರಗಳೂ ಅವನ್ನು ಓದುವ ತಂತ್ರಾಂಶವೂ ಪುಕ್ಕಟೆ. ಪಿಎಚ್‌.ಡಿ.ಗೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವಿದೆ. ಚಂದ್ರಯಾನ-3ರ ರೋವರಿನಲ್ಲಿ ಮಣ್ಣಿನ ಮೂಲವಸ್ತು ಅಳೆದ ಉಪಕರಣ ಮಾಡಿದವರು ಅವರೇ, 2020ರಲ್ಲಿ ಭಾರತೀಯ ಗ್ರಹವಿಜ್ಞಾನ ಸಮ್ಮೇಳನ ಶುರು ಮಾಡಿದವರೂ ಅವರೇ. ಒಂಬತ್ತನೇ ತರಗತಿಯವರಿಗೆ ಇಸ್ರೋದ ಯುವಿಕಾ ಶಿಬಿರ. ಚಂದ್ರನಿಂದ ಕಲ್ಲು ಮಣ್ಣು ತರುವ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2,104.06 ಕೋಟಿ ರೂಪಾಯಿ ಒಪ್ಪಿತು. ಆ ಕಲ್ಲು ಬಂದ ದಿನ ಬೇಕಾಗುವುದು ರಾಕೆಟ್ ಬಲ್ಲವರಲ್ಲ, ಕೂದಲಿಗಿಂತ ತೆಳ್ಳಗೆ ಅರೆದ ಕಲ್ಲಿನ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ಓದಬಲ್ಲವರು. ಕೋಟೆ ಗೋಡೆಯ ಕಲ್ಲಿನಲ್ಲಿ ಕೈ ಪಳಗಿಸಿಕೊಂಡವರು ಆ ಸಾಲಿನಲ್ಲಿ ನಿಲ್ಲಬಹುದು. ವ್ಯೋಮವಿಜ್ಞಾನವೆಂದರೆ ಎಂಜಿನಿಯರಿಂಗ್ ಎಂದೇ ನಮ್ಮ ಪಾಲಕರು ನಂಬಿಕೂತಿರುವುದು ನನಗಂತೂ ಬೇಸರದ ಸಂಗತಿ.

"ಕಾಸರಗೋಡಿನವರು ಮಾಡ್ಯಾರ ನೋಡ್ರಿ" ಎಂದು ಅವಳು ಒಂದು ನಕ್ಷೆ ತೋರಿಸಿದಳು. 2025ರ ನವೆಂಬರ್‌ನಲ್ಲಿ ಸುದ್ದಿಯಾದದ್ದು. ಕಾಸರಗೋಡು ಸರ್ಕಾರಿ ಕಾಲೇಜಿನ ಭೂವಿಜ್ಞಾನ ಅಧ್ಯಾಪಕ ಆಸಿಫ್ ಇಕ್ಬಾಲ್ ಕಕ್ಕಶ್ಶೇರಿ ಮತ್ತು ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಯ ವಿ.ಜೆ. ರಾಜೇಶ್ ಮಂಗಳನ ಒಂದು ಹಳೆಯ ಕುಳಿಯಲ್ಲಿ ಹಿಮನದಿ ಮತ್ತು ನೀರಿನ ಹರಿವಿನ ಗುರುತು ಹುಡುಕಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮೊದಲ ಭಾರತೀಯ ನಿರ್ದೇಶಕ ಎಂ.ಎಸ್. ಕೃಷ್ಣನ್ ಅವರ ಹೆಸರನ್ನು ಅದಕ್ಕೆ ಸೂಚಿಸಿದರು, ಒಪ್ಪಿಗೆಯಾಯಿತು. ಆಸುಪಾಸಿನ ಸಣ್ಣ ಕುಳಿಗಳಿಗೆ ತುಂಬಾ, ವರ್ಕಲ, ವಲಿಯಮಲ, ಜೊತೆಗೆ ಬೇಕಲ ಎಂಬ ಊರುಗಳ ಹೆಸರು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದೆನ್ನುವ ಕೋಟೆಯ ಬೇಕಲವೇ. ಅದಕ್ಕೂ ಮೊದಲೇ ನಮ್ಮ ಗಡಿಯಂಚಿನ ಇನ್ನೊಂದು ಊರಿನ ಹೆಸರು ಮಂಗಳನಲ್ಲಿ ಇದೆ: ಬಳ್ಳಾರಿಗೆ ಹತ್ತಿರದ ರಾಯದುರ್ಗ. ಲೋನಾರ್ ಹೆಸರೂ ಇದೆ.

ಈ ಹೆಸರುಗಳನ್ನು ಒಪ್ಪುವ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನಿಯಮ ಸೋಜಿಗದ್ದು. ಮಂಗಳನ ದೊಡ್ಡ ಕುಳಿಗಳಿಗೆ ತೀರಿಕೊಂಡ ವಿಜ್ಞಾನಿಗಳ ಹೆಸರು. ಸಣ್ಣವಕ್ಕೆ ಜಗತ್ತಿನ ಸಣ್ಣ ಊರುಗಳ ಹೆಸರು, ಜನಸಂಖ್ಯೆ ಸುಮಾರು 1 ಲಕ್ಷಕ್ಕಿಂತ ಕಡಿಮೆ ಇರಬೇಕು. 2011ರ ಜನಗಣತಿಯಲ್ಲೇ 5 ಲಕ್ಷ ದಾಟಿದ ಕಲಬುರಗಿ ಅನರ್ಹ, ಕಮಲಾಪುರ ಅರ್ಹ. ಹಾಗಂತ ಶಾಸಕರ ಪತ್ರ, ಸಹಿ ಸಂಗ್ರಹ ನಡೆಯುವುದಿಲ್ಲ. ಊರಿಗೆ ಗೌರವ ಕೊಡುವ ಉದ್ದೇಶವೂ ಅವರಿಗಿಲ್ಲ. ಒಂದು ಕುಳಿಯ ಬಗ್ಗೆ ಸಂಶೋಧಕ ಬರೆಯುತ್ತಿದ್ದಾನೆ, ಬರೆಯಲು ಅದಕ್ಕೊಂದು ಹೆಸರು ಬೇಕು ಎಂದಾದಾಗ ಮಾತ್ರ ಪರಿಶೀಲನೆ.

ಬಂಡಿಯ ಕಾಕಾ ಇಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಿದ್ದರು. ಹಣ್ಣು ತೂಗಿ ಕೊಡುತ್ತ ಒಂದೇ ತಕರಾರು ತೆಗೆದರು. "ಹಂಪಿ ಕಡಿ ಇನ್ನೊಂದು ಕಮಲಾಪುರ ಅದ ಅಲ್ರಿ. ಅವ್ರು ಬಂದು ನಮ್ದು ಅಂದ್ರ?"

"ಪಟ್ಟಿಯೊಳಗ ಭಾರತದ ಒಂದು ಊರು ಅಂತ ಅಷ್ಟೇ ಬರೀತಾರ, ಕಾಕಾ" ಎಂದಳು ಹುಡುಗಿ.

"ಹಂಗಾದ್ರ ಅವ್ರಕಿಂತ ಮೊದಲ ನೀನs ಒಂದು ಕುಳಿ ಹುಡುಕವ್ವ. ಅಲ್ಲಿ ಬಾಳಿ ಹಚ್ಚೂದು ಆಮ್ಯಾಗ ನೋಡೂಣು."